ಹೆಬ್ಬೆರಳಿನ ಉಂಗುರ

ಮೊದಲ ಸಲ ಕರೆದಾಗ ಗಾಳಿ ಎದ್ದಿತ್ತು.
ಚಾಕಾವೊದ ಕಡಲಗಂಡಿಯಲ್ಲಿ ಲಾಂಚು ಬಿಡಲಿಲ್ಲ.
ಜೆಟ್ಟಿಯ ಹುಡುಗ ದೂರದಿಂದಲೇ
ಎರಡೂ ಕೈ ಕತ್ತರಿ ಮಾಡಿ ತೋರಿಸಿದ: ಬಂದ್.
ನಿನ್ನ ಎದೆಯ ತಾರೀಖು ನಮ್ಮ ಕಣ್ಣೆದುರೇ
ನೀರಿಗೆ ಬಿತ್ತು.

ಎರಡನೆಯ ಸಲ ಪ್ಯುರ್ತೊ ಮೋಂತ್‌ವರೆಗೂ ಹೋದೆವು.
ಹಸಿರು ಅಂಗಿ ತೊಡಿಸಿ, ಎದೆಗೂದಲು ಬೋಳಿಸಿ,
ರಾತ್ರಿಯಿಂದ ನೀರೂ ಕೊಡದೆ ಮಲಗಿಸಿ
ಹನ್ನೊಂದಕ್ಕೆ ಬಂದು ಹೇಳಿದರು: ಇವತ್ತಾಗುವುದಿಲ್ಲ.
ಹೆಲಿಕಾಪ್ಟರಿನಲ್ಲಿ ಯಾರೋ ಬಂದಿದ್ದಾರೆ, ತುರ್ತು.
ಆ ಯಾರೋಗೆ ನಾನು ಶಾಪ ಹಾಕಿದೆ.
ಹೆಸರು ಗೊತ್ತಿಲ್ಲದವರಿಗೆ ಹಾಕಿದ ಶಾಪ
ಎಲ್ಲಿಗೆ ಹೋಗಿ ಮುಟ್ಟುತ್ತದೋ.
ನೀನು ಬ್ರೆಡ್ಡು ಕೇಳಿದೆ. ಎರಡು ತಿಂದೆ.

ಆಮೇಲೆ ಮೂರು ವಾರ.
ಫೋನು ಒಲೆಯ ಪಕ್ಕ, ಕೊಟ್ಟಿಗೆಗೆ ಹೋದರೆ ಏಪ್ರನ್ನಿನ ಜೇಬಲ್ಲಿ,
ಅಂಟಿಕೊಂಡ ಹಿಟ್ಟಿನೊಂದಿಗೆ.
ನೀನು ನನಗೆ ಪಾಠ ಹೇಳತೊಡಗಿದೆ:
ಪಂಪಿನ ಸ್ವಿಚ್ಚು ಎರಡು ಸಲ ಒತ್ತಬೇಕು.
ಎಲಿಸೆಯೊ ಕೊಡಬೇಕಾದ್ದು ಡೈರಿಯ ಕೊನೆಯ ಪುಟದಲ್ಲಿದೆ.
ನೀಲಿ ಆಲೂಗಡ್ಡೆಯ ಬೀಜ ಕಪ್ಪು ಚೀಲದಲ್ಲಿ,
ಕೆಂಪಿನದು ಬಿಳಿಯದರಲ್ಲಿ.
ನಾನು ಬೇಕೆಂದೇ ಕಲಿಯಲಿಲ್ಲ.
ಕೇಳಿದ್ದನ್ನೇ ಕೇಳಿ ನಿನ್ನನ್ನು ರೇಗಿಸಿದೆ.
ಕಲಿತುಬಿಟ್ಟರೆ
ಹೋಗಿ ಬಾ ಅಂದಂತಲ್ಲವೆ?

ಎದೆಯ ಮೂಳೆಯನ್ನು ಗರಗಸದಿಂದ ಸೀಳುತ್ತೇವೆ
ಎಂದು ಡಾಕ್ಟರು ಹಾಳೆಯ ಮೇಲೆ ಗೆರೆ ಎಳೆದಾಗ
ನಲವತ್ತು ವರ್ಷ ದೋಣಿ ಕಟ್ಟಿದವನು ನೀನು ಕೇಳಿದ್ದು:
ಹಲ್ಲು ಎಷ್ಟು ಸಣ್ಣದು?
ಅವರು ನಕ್ಕರು, ನೀನು ನಗಲಿಲ್ಲ.
ಕರುವಿನ ಪೊರೆಯಲ್ಲಿ ಹೊಲಿದ ಕವಾಟ ಎಂದಾಗ ಮಾತ್ರ
ನನ್ನ ಕಡೆ ತಿರುಗಿ ಅಂದೆ,
ಇನ್ನು ಕೊಟ್ಟಿಗೆಯಲ್ಲೂ ನನಗೆ ನೆಂಟರು.

ನಿನ್ನೆ ರಾತ್ರಿ ಅವರು ಕೊಟ್ಟ ಕೆಂಪು ಸೋಪಿನಲ್ಲಿ
ನಿನ್ನ ಬೆನ್ನುಜ್ಜಿದೆ.
ಎಡ ರಟ್ಟೆಯ ಹಿಂದೆ ಒಂದು ಮಚ್ಚೆ.
ಮೂವತ್ತೆಂಟು ವರ್ಷದಲ್ಲಿ ನಾನದನ್ನು ಕಂಡೇ ಇರಲಿಲ್ಲ.

ಉಂಗುರ ಬರಲಿಲ್ಲ. ಗೆಣ್ಣು ದಪ್ಪಗಾಗಿದೆ.
ಸೋಪು, ಎಣ್ಣೆ, ಕೊನೆಗೆ ನರ್ಸು ತಂದ ನೂಲು.
ಬೆರಳಿಗೆ ಒತ್ತೊತ್ತಾಗಿ ಸುತ್ತಿ,
ತುದಿಯನ್ನು ಉಂಗುರದಡಿ ತೂರಿಸಿ
ಬಿಚ್ಚುತ್ತ ಬಂದಳು. ಅದು ಇಷ್ಟಿಷ್ಟೇ ಏರಿತು,
ಬರಲೊಲ್ಲದ ಮಗುವಿನ ಹಾಗೆ.
ಅದರ ಜಾಗದಲ್ಲಿ ಬಿಳಿ ಪಟ್ಟೆ:
ಮದುವೆಗೆ ಮುಂಚಿನ ನಿನ್ನ ಚರ್ಮ.
ನನ್ನ ಯಾವ ಬೆರಳಿಗೂ ಅದು ನಿಲ್ಲಲಿಲ್ಲ,
ಹೆಬ್ಬೆರಳಿಗೆ ಬಿಟ್ಟು.

ಈಗ ಒಂಬತ್ತೂ ಕಾಲು. ಒಳಗೆ ಹೋಗಿ ಎರಡು ಗಂಟೆ.
ನೀರಲ್ಲಿರುವ ದೋಣಿಯ ತಳ ರಿಪೇರಿಯಾಗದು,
ದಡಕ್ಕೆ ಎಳೆಯಲೇಬೇಕು ಎನ್ನುತ್ತಿದ್ದೆ.
ನಿನ್ನನ್ನೀಗ
ಯಾವ ದಡಕ್ಕೆ ಎಳೆದಿದ್ದಾರೋ.

ಪಕ್ಕದ ಹೆಂಗಸು ಮಾತೆಯ ಬುರುಡೆ ನನ್ನತ್ತ ಚಾಚಿದಳು.
ಒಂದೇ ಕೊಳವೆಯಲ್ಲಿ ಇಬ್ಬರೂ ಹೀರಿದೆವು.
ಅವಳ ಮಗ ಮೂರು ವಾರದಿಂದ ಇಲ್ಲೇ,
ಮೆಲಿಂಕದಿಂದ ಹೆಲಿಕಾಪ್ಟರಿನಲ್ಲಿ ತಂದದ್ದು,
ಇನ್ನೂ ಕಣ್ಣು ಬಿಟ್ಟಿಲ್ಲ ಎಂದಳು.

ಬಿಸಿ ನೀರು ಗಂಟಲಲ್ಲೇ ನಿಂತಿತು.
ಹೆಸರೇನು, ಎಂದು ಕೇಳಿದೆ.
ದೆಲ್ಮಿರೊ. ಇಪ್ಪತ್ತಾರು. ಸೀಗಡಿ ದೋಣಿಯವನು.

ಶಾಪವನ್ನು ಹೊರತೆಗೆಯುವುದು ಹೇಗೆ,
ಯಾವ ನೂಲು ಸುತ್ತಿ?
ನಾನು ಹೆಬ್ಬೆರಳು ತಿರುಗಿಸುತ್ತ ಕೂತೆ,
ಒಂದು ಸುತ್ತು ನಿನಗೆ, ಒಂದು ಸುತ್ತು ಅವನಿಗೆ.
ಲೆಕ್ಕ ತಪ್ಪಿತು. ತಪ್ಪಲಿ ಎಂದು ಬಿಟ್ಟೆ.

ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುತ್ತೇವೆ.
ಒಬ್ಬ ನೆಲ ಒರೆಸುವವನು. ಒಬ್ಬಳು ಖಾಲಿ ಗಾಲಿಕುರ್ಚಿಯವಳು.

ಪಂಪಿನ ಸ್ವಿಚ್ಚು ಎರಡು ಸಲ,
ನೀಲಿಯದು ಕಪ್ಪು ಚೀಲದಲ್ಲಿ,
ಎಲ್ಲ ಮೊದಲ ದಿನವೇ ಬಾಯಿಪಾಠವಾಗಿತ್ತು.
ಕಣ್ಣು ಬಿಟ್ಟ ತಕ್ಷಣ ಕೇಳುತ್ತೇನೆ, ರೇಗಬೇಕು ನೀನು:
ಎಷ್ಟು ಸಲ ಒತ್ತಬೇಕು, ನೋಲ್ಬೆರ್ತೊ?
ಮರೆತುಹೋಗಿದೆ.