ಹಾಜರಿ: ಹದಿನೇಳು

ನಲವತ್ತು ಕುರ್ಚಿ ಹಾಕಂದ್ರು ಸಾಹೇಬ್ರು.
ನಾ ಇಪ್ಪತ್ತು ಹಾಕಿದೆ.
ಬಾದಾಮಿ ಮ್ಯೂಸಿಯಂದಾಗ ಹನ್ನೊಂದು ವರ್ಷ ಆತು,
ಎರಡನೇ ಶನಿವಾರ ಎಷ್ಟು ಮಂದಿ ಬರ್ತಾರಂತ
ನನ್ನ ಬೆನ್ನಿಗೇ ಗೊತ್ತೈತಿ.

ಹ್ವಾದ ತಿಂಗಳು ಬಾವಲಿ ಮ್ಯಾಲ ಭಾಷಣ,
ಅದರ ಹಿಂದಿಂದು ಜಾಲಿಗಿಡದ ಅಂಟು.
ಈ ಸಲ ಬೋರ್ಡಿನ ಮ್ಯಾಲ ಖಡೂಲೆ ನಾನ ಬರದೆ:
ಕಲ್ಲಿನೊಳಗಿನ ನೀರು. ಜುಲೇಖಾ ಗುಳೇದಗುಡ್ಡ, ಸಂಶೋಧಕಿ.
ಓದಿದವರೆಲ್ಲ ಕೇಳಿದ್ದು ಒಂದ:
ಬೋರ್‌ವೆಲ್ ಪಾಯಿಂಟ್ ತೋರಸ್ತಾಳೇನು?
ಮೂರು ಮಂದಿ ಅದೇ ಆಸೀಲೆ ಬಂದು
ಮುಂದಿನ ಸಾಲಿನ್ಯಾಗ ಕುಂತ್ರು.

ಹುಡುಗಿ ಸಣ್ಣಾಕಿ, ದನಿ ದೊಡ್ಡದು.
"ನಮ್ಮಪ್ಪ ಮಲಪ್ರಭಾ ಹೊಳಿ ಉಸುಕು ಟಿಪ್ಪರಿಗೆ ತುಂಬತಿದ್ದ.
ನಾ ಅದನ್ನ ಒಂದೊಂದ ಕಾಳು ಎಣಸ್ತೀನಿ.
ಪಗಾರ ಅವಂದ ಚಲೋ ಇತ್ತು."
ನಾವು ನಗೂದ್ರಾಗ ಕರೆಂಟ್ ಹೋತು.

ಗ್ವಾಡಿ ಮ್ಯಾಲಿನ ಚಿತ್ರ ಆರಿತು. ಫ್ಯಾನು ನಿಂತ್ವು.
ಸೆಕಿಗೆ ಅಂಜದಾಕಿ ಅಂದ್ರ
ಮೂಲ್ಯಾಗಿನ ಲಜ್ಜಾಗೌರಿ ಒಬ್ಬಾಕಿನ.
ಸಾಹೇಬ್ರು ಹೆಸ್ಕಾಂಗೆ ಫೋನ್ ಹಚ್ಚಿದ್ರು, ಎತ್ತಲಿಲ್ಲ.
ಆಕಿ ಕಾಯಲಿಲ್ಲ.
"ಚಿತ್ರ ಯಾಕ ಬೇಕ್ರಿ? ಕಲ್ಲು ಹೊರಗ ಐತಿ, ನಡೀರಿ."

ಅಂಗಳದಾಗಿನ ಆ ಹಾಸುಗಲ್ಲು.
ನಾ ಬುತ್ತಿ ಬಿಚ್ಚೂದು ಅದರ ಮ್ಯಾಲ,
ಒರಸೂ ಅರಬಿ ಒಣಗಸೂದು, ಸೊಂಟ ಚಾಚೂದು ಅದರ ಮ್ಯಾಲ.
ನನ್ನ ಕೈಯಾಗಿನ ಕೆಟ್ಲಿ ಇಸಗೊಂಡು
ತೊಳದ ನೀರು ಹಂಗ ಸುರುವಿದ್ಲು.
ಮುಳುಗೂ ಹೊತ್ತಿನ ಬಿಸಿಲು ಅಡ್ಡ ಬಿತ್ತು.

ಎದ್ದುವಪಾ ತೆರಿ!
ಒಂದರ ಹಿಂದ ಒಂದು, ಬೆರಳಗಲ,
ಹೊಳಿ ಇಳದ ಮ್ಯಾಲ ಉಸುಕಿನ್ಯಾಗ ಉಳೀತಾವಲ್ಲ, ಅಂಥವ.

"ನೂರು ಕೋಟಿ ವರ್ಷದ ಆಜೂಬಾಜು" ಅಂದ್ಲು.
"ಬರೋಬ್ಬರಿ ಎಷ್ಟಂತ ನಮ್ಮೊಳಗ ಇನ್ನೂ ಜಗಳ ಐತಿ.
ತೆಳ್ಳನ ನೀರು ಹಿಂಗ ಹರದು ಹೋತು, ಅಷ್ಟ."

ದಖನಿ ಮಾಸ್ತರ ಮಗ ಕೈ ಎತ್ತಿದ:
"ಮೀನ ಇದ್ದುವೇನ್ರಿ?"
"ಇಲ್ಲ."
"ಕಪ್ಪಿ?"
"ಇಲ್ಲ."
"ದಂಡಿ ಮ್ಯಾಲ ಹುಲ್ಲು?"
"ಅದೂ ಇಲ್ಲ."
"ಮತ್ತ ನೀರಿನ ಸಪ್ಪಳ ಯಾರು ಕೇಳಿದ್ರು?"
ಆಕಿ ಬಾಯಿ ತಗದು, ಮುಚ್ಚಿ, ಮತ್ತ ತಗದು
"ಅದು ನನ್ನ ಥೀಸಿಸ್‌ನ್ಯಾಗ ಇಲ್ಲೋ ತಮ್ಮಾ" ಅಂದ್ಲು.

ಆ ಹೊತ್ತಿಗೆ ಮಂಗ್ಯಾ ಒಳಗ ಹೊಕ್ಕು
ಬಿಸ್ಕೀಟಿನ ಪುಡಿಕಿ ಎತ್ತಿಕೊಂಡು ಹೊಂಟಿದ್ವು.
ಯಾರೂ ಓಡಲಿಲ್ಲ.

ಬೋರ್‌ವೆಲ್ಲಿಗೆ ಬಂದಿದ್ದ ಶಂಕ್ರೆಪ್ಪ ಮೊಣಕಾಲೂರಿ,
ಎಮ್ಮಿ ಡುಬ್ಬ ಸವರಿದಂಗ ತೆರಿ ಸವರಿ,
"ಎತ್ತಾಗ ಹೋತ್ರಿ ಇದು?" ಅಂದ.
"ಒಂದು ಮಗ್ಗಲು ಇಳಿಜಾರು, ಒಂದು ಮಗ್ಗಲು ಕಡದ್.
ಕೈಗೆ ಹತ್ತತೈತೇನ್ರಿ? ಕಡದ್ ಇದ್ದ ಕಡೆ ಹೋಗೇತಿ."
ಕುರುಡನಂಗ ಕಣ್ಣು ಮುಚ್ಚಿ ಮುಟ್ಟಿದ.
ಆಮ್ಯಾಲ ಕೈ ಮಾಡಿದ, ಬಸ್‌ಸ್ಟ್ಯಾಂಡಿನ ಕಡೆ.
ಹದಿನೇಳೂ ಮಂದಿ ಅತ್ತಾಗ ಹೊಳ್ಳಿ ನೋಡಿದ್ವಿ,
ಈಗಷ್ಟ ತಪ್ಪಿತೇನೋ ಅನ್ನೂವಂಗ.

ರಿಜಿಸ್ಟರಿನ್ಯಾಗ ಬರದೆ: ಹಾಜರಿ, ಹದಿನೇಳು.
ಷರಾ: ಕರೆಂಟ್ ಇರಲಿಲ್ಲ. ಬಿಸ್ಕೀಟು ಇಲ್ಲ.
ಸಾಹೇಬ್ರು ಸಹಿ ಮಾಡಿ, ಕುರ್ಚಿ ಎಣಿಸಿ,
ಇನ್ನಿಪ್ಪತ್ತು ಎಲ್ಲಿ ಅಂತ ಬೈದ್ರು.

ಮರುದಿನ ಅಂಗಳ ಕಸಾ ಹೊಡದು ಹೊಳ್ಳಿ ನೋಡ್ತೀನಿ:
ಕಸಬರಿಗಿ ಗೆರಿ, ಒಂದರ ಹಿಂದ ಒಂದು.
ಇದರ ದಿಕ್ಕು ಯಾರನ್ನೂ ಕೇಳಬೇಕಿಲ್ಲ,
ಬಾಗಲದಿಂದ ಗೇಟಿಗೆ.

ಮಧ್ಯಾನ ಬುತ್ತಿ ಬಿಚ್ಚಿದೆ, ಅದೇ ಕಲ್ಲಿನ ಮ್ಯಾಲ.
ಕಾಲು ಮಾತ್ರ ಮ್ಯಾಲೆತ್ತಿಕೊಂಡು ಕುಂತೆ,
ತೊಯ್ದಾವಂತ.