ಯೆಹೂದ್ಯನ ಪಾಲಿನ ಮಾತು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಒಬ್ಬ ಯೆಹೂದ್ಯನೂ ಇರಲಿಲ್ಲ.
ಹಾಗಾಗಿ ನಾನೇ ಆಗಬೇಕಾಯಿತು.

ಭಾನುವಾರ ಇಳಿಹೊತ್ತು. ಬಳ್ಳಾರಿ ಗುಡ್ಡ
ಹಗಲು ನುಂಗಿದ ಬಿಸಿಲನ್ನು ಇನ್ನೂ ಕಾರುತ್ತಿರುವಾಗ
ಉಪದೇಶಿ ಅಪ್ಪ ಅಂಗಳದಲ್ಲಿ ಎರಡು ಸ್ಟೂಲು ಹಾಕುತ್ತಿದ್ದ.
ಒಂದರ ಮೇಲೆ ಅಣ್ಣ ಸಿಲ್ವಾನ, ಆದಿಸಭೆಯ ಪಂಡಿತ,
ಕೈಯಲ್ಲಿ ಅಪ್ಪ ಬರೆದ ನಲವತ್ತು ಪುಟ.
ಇನ್ನೊಂದರ ಮೇಲೆ ನಾನು, ಅಜ್ಜಿಯ ಪಟ್ಟೆ ಶಾಲು ಹೊದ್ದು.
ನನ್ನ ಪಾಲಿಗೆ ಮೂರೇ ಮಾತು:
ಹೌದೇ? ಮುಂದೆ ಹೇಳು. ನೀನಂದದ್ದು ನಿಜ.

ಸುನ್ನತಿ ಮುಗಿಯಿತು, ಸಬ್ಬತ್ತು ಮುಗಿಯಿತು,
ಹಂದಿಮಾಂಸವೂ ತೀರಿತು.
ಅಣ್ಣ ಯೆಶಾಯನ ಕನ್ಯೆಗೆ ಬಂದ.
ಪುಟದಲ್ಲಿಲ್ಲದ್ದು ನನ್ನ ಬಾಯಿಗೆ ಬಂತು:
‘ಮೊನ್ನೆ ಸಿರುಗುಪ್ಪದೋರು ಕನ್ಯೆ ನೋಡಾಕ ಬಂದಿದ್ರಲ್ಲ,
ಅವ್ರು ನೋಡಿದ್ದು ಅಕ್ಕನ್ನ.
ಹರೇದ ಹುಡುಗೀನೂ ಕನ್ಯೆನ.
ಪ್ರವಾದಿ ಯಾರಿಗಂದ, ಕೇಳಿದ್ಯಾ?’

ಅಣ್ಣ ಪುಟ ತಿರುವಿದ. ಹಿಂದೆ. ಮುಂದೆ.
ಪಕ್ಕದ ಮನೆಯ ಜೀನ್ಸ್ ಹೊಲಿಗೆ ಮಷಿನ್ನು ಕಟಕಟ.
ಅಪ್ಪನೇ ಎದ್ದ:
‘ಹರೇದಾಕಿ ಹಡೆಯೋದು ದಿನಾ ಇದ್ದದ್ದ. ಅದ್ಯಾವ ಗುರುತು?’
ಒಲೆಯ ಕಡೆಯಿಂದ ಅವ್ವ:
‘ಊರಿಗೆ ದಂಡು ಮುತ್ತಿದಾಗ
ಒಬ್ಬಾಕಿ ಹಡೆದು ಕೂಸಿಗೆ ಹೆಸರಿಟ್ಳಂದ್ರ,
ಸಾಲದೇನು ಗುರುತು?’

ಬೈಯುತ್ತಾನೆಂದು ಕಣ್ಣು ಮುಚ್ಚಿದೆ.
‘ಶಾಲು ಕೊಡು’ ಅಂದ.
ಹೊದ್ದು, ನನ್ನ ಕುಂಟು ಸ್ಟೂಲಿನ ಮೇಲೆ ಕೂತ.
‘ಸಿಲ್ವಾನ, ಮೊದಲಿಂದ ಓದು.’

ದೀಪ ಹಚ್ಚುವ ತನಕ ಓದಿದ ಅಣ್ಣ.
ಬೆವರುತ್ತಾ ಕೇಳಿದ ಅಪ್ಪ.
ಆ ಮೂರು ಮಾತಲ್ಲಿ
ಒಂದನ್ನೂ ಆಡಲಿಲ್ಲ.