ನಾಲ್ಕು, ಬಿಡುವು, ಎರಡು

ಕೂಳೂರು ಸಂಕದ ನಡುವೆ ಹೊತ್ತಿಕೊಂಡಿತು
ಸ್ಟೇರಿಂಗಿನ ಹಿಂದೆ, ಅರಶಿನ ಬಣ್ಣದ್ದು.
ಇಂಜಿನ್ನಿನ ಚಿತ್ರವಂತೆ; ನನಗೆ ಕಾಣುವುದು
ಕಿವಿ ಮುರಿದ ಚೆಂಬು.
ಗಾಡಿ ಒಮ್ಮೆ ಕೆಮ್ಮಿತು, ಆಮೇಲೆ
ಏನೂ ಆಗದವರ ಹಾಗೆ ಕೊಟ್ಟಾರದ ತನಕ ಬಂತು.

ಅದ್ರಾಮಾಕನ ಗ್ಯಾರೇಜು ಕುದ್ರೋಳಿಯಲ್ಲಿ,
ಮರದ ಮಿಲ್ಲಿನ ಬೆನ್ನಿಗೆ.
ಅಳಿಯ ನೌಷಾದ್ ಹೊಸ ಸ್ಕ್ಯಾನರ್ ಹಿಡಿದು
ಡ್ಯಾಶ್‌ಬೋರ್ಡಿನಡಿಗೆ ತಲೆ ತೂರಿಸಿದ,
ಹೊರಗೆ ಬಂದ:
"ಸಾಕೆಟ್ಟೇ ಕೂರುವುದಿಲ್ಲ ಮಾಮ,
ಪ್ರಾಯದಲ್ಲಿ ಇದು ನನಗಿಂತ ದೊಡ್ಡದು."
ಎರಡು ಸಾವಿರದ ಇಸವಿಯ ಎಸ್ಟೀಮು,
ಬಾಗಿಲಲ್ಲಿ ತುಕ್ಕಿನ ಭೂಪಟ.

ಅದ್ರಾಮಾಕ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಒಂದು ಗೇಣು ವಯರು ಕತ್ತರಿಸಿದರು,
ತುದಿಗಳನ್ನು ಹಲ್ಲಲ್ಲೇ ಸುಲಿದು
ಎಲ್ಲೋ ಎರಡು ತೂತಿಗೆ ತೂರಿಸಿದರು.
"ಕೀ ತಿರುಗಿಸಿ ತಾರ್ ಮಾಸ್ಟ್ರೆ. ಸ್ಟಾರ್ಟ್ ಬೇಡ. ಎಣಿಸಿ."

ಮಿಣುಕ್ ಮಿಣುಕ್ ಮಿಣುಕ್ ಮಿಣುಕ್.
ಬಿಡುವು.
ಮಿಣುಕ್ ಮಿಣುಕ್.

ನಾನು ಎಣಿಸಲಿಲ್ಲ.
ಇಪ್ಪತ್ತಾರು ವರ್ಷ ತಾರು ಕಚೇರಿಯಲ್ಲಿ
ಕಟ್ಟ-ಕಡ ಕೇಳಿದ ಕಿವಿ
ಕಣ್ಣಿನ ಕೆಲಸಕ್ಕೂ ತಾನೇ ಹೊರಟಿತು:
ನಾಲ್ಕು ಚುಕ್ಕೆ ಎಚ್. ಎರಡು ಚುಕ್ಕೆ ಐ.
"ಹಾಯ್ ಅಂತಿದೆ," ಅಂದೆ.
"ನಲ್ವತ್ತೆರಡು ಅಂತಿದೆ," ಅಂದರು ಅದ್ರಾಮಾಕ.
ಇನ್ನೊಮ್ಮೆ ನೋಡಿದೆವು.
ಇಬ್ಬರಿಗೂ ಅವರವರದ್ದೇ ಕಂಡಿತು.

ಎಣ್ಣೆ ಕುಡಿದು ಗಾಜಾದ ಹಾಳೆಗಳ ಪುಸ್ತಕ.
ನಲ್ವತ್ತೆರಡರ ಸಾಲಿನ ಮೇಲೆ ಕಪ್ಪು ಉಗುರು:
"ಕ್ಯಾಮ್‌ಶಾಫ್ಟ್ ಎಲ್ಲುಂಟು ಅಂತ
ಇದಕ್ಕೆ ಗೊತ್ತಾಗ್ತಾ ಇಲ್ಲ."
ಹಾಗಾದರೆ ಹೊಸ ಸೆನ್ಸರ್? ಎಷ್ಟಾಗುತ್ತದೆ?
ನಕ್ಕರು. "ನಂಬ್ರ ಅಂದರೆ
ದೂರು ಕೊಟ್ಟವನ ಹೆಸರು ಮಾಸ್ಟ್ರೆ,
ಕದ್ದವನದ್ದಲ್ಲ."

ನನಗೆ ನಂಬ್ರಗಳು ಹೊಸತಲ್ಲ.
ಶುಭಾಶಯದ ತಾರಿಗೆ ನಾವೂ ನಂಬ್ರವನ್ನೇ ಒತ್ತುತ್ತಿದ್ದೆವು.
ಎಂಟೆಂದರೆ ದೀರ್ಘ ದಾಂಪತ್ಯ,
ಒಂಬತ್ತೆಂದರೆ ಕ್ರಿಸ್ಮಸ್.
ಚುಕ್ಕೆಯೊಂದರ ಮೇಲೆ ನನ್ನ ಬೆರಳು
ಒಂದು ಉಸಿರು ಹೆಚ್ಚು ಕೂತು
ಶಿರ್ವದ ಅಪೊಲಿನ್ ಮಥಾಯಸರ ಮಗಳ ಮದುವೆಗೆ
ಮೇ ತಿಂಗಳ ಸೆಕೆಯಲ್ಲಿ ಕ್ರಿಸ್ಮಸ್ ಬಂತು.
ಅವರು ದೂರು ಕೊಡಲಿಲ್ಲ.
ಡಿಸೆಂಬರಿನಲ್ಲಿ ಕಚೇರಿಗೆ ಒಂದು ಡಬ್ಬಿ ಕುಸ್ವಾರ್,
ಮುಚ್ಚಳದ ಚೀಟಿಯಲ್ಲಿ ಬರೀ: ಎಂಟು.

ನೂರು ಅಂದರೆ ಸಂತಾಪ.
ಅದರಲ್ಲಿ ಯಾರ ಬೆರಳೂ ತಪ್ಪಿದ್ದು ನೆನಪಿಲ್ಲ.

ಅದ್ರಾಮಾಕ ವಯರಿನ ಬೆನ್ನು ಹಿಡಿದು ಹೋದರು.
ಪ್ಲಗ್ಗಿನ ಬಾಯಿ ಬಿಡಿಸಿದರೆ ಒಳಗೆ
ಪಾಚಿಯಂಥ ಹಸಿರು,
ಇಷ್ಟು ವರ್ಷ ನುಂಗಿದ ಕಡಲ ಗಾಳಿ.
ಒಂದು ಹಳೆ ಹಲ್ಲಿನ ಬ್ರಶ್ಶು, ಒಂದು ಮುಚ್ಚಳ ಪೆಟ್ರೋಲು.
ಫ್ಯೂಸು ಕಿತ್ತು
ಒಂದು ಚಾ ಕುಡಿಯುವಷ್ಟು ಹೊತ್ತು
ಅದನ್ನು ಮರೆಯಲು ಬಿಟ್ಟರು.

ಮತ್ತೆ ಕೀ. ಈಗ ಒಂದು. ಬಿಡುವು. ಎರಡು.
"ಹನ್ನೆರಡು. ಎಂತದೂ ಇಲ್ಲ ಅಂತ."
ನನ್ನ ಲಿಪಿಯಲ್ಲಿ ಅದು ಇ, ಐ.
ಯಾವ ಪದವೂ ಆಗುವುದಿಲ್ಲ.
ಮುನ್ನೂರು ಕೊಟ್ಟೆ. ಇನ್ನೂರು ತೆಗೆದುಕೊಂಡರು.

ಲೇಡಿಹಿಲ್ ಸಿಗ್ನಲ್ಲಿನಲ್ಲಿ ಚೆಂಬು ಕಪ್ಪಗೆ ಕೂತಿತ್ತು.
ಸ್ಟೇರಿಂಗಿನ ಮೇಲೆ ಬೆರಳಲ್ಲಿ ಒತ್ತಿದೆ:
ನಾಲ್ಕು, ಬಿಡುವು, ಎರಡು.
ಏನೂ ಹೊತ್ತಲಿಲ್ಲ.
ಇನ್ನೊಮ್ಮೆ ಒತ್ತುತ್ತಿದ್ದೆ, ಹಸಿರು ಬಿದ್ದದ್ದು ನೋಡಲಿಲ್ಲ,
ಹಿಂದಿನಿಂದ ಸುರತ್ಕಲ್ ಬಸ್ಸಿನ ಹಾರ್ನು:
ಉದ್ದ, ಗಿಡ್ಡ, ಉದ್ದ.

ಅದು ಕೆ. ನಮ್ಮಲ್ಲಿ ಅದರರ್ಥ,
ನನ್ನದು ಮುಗಿಯಿತು, ಇನ್ನು ನಿಮ್ಮದು.
ಗೇರು ಹಾಕುತ್ತ
ಹೊರಟೆ ಮಾರಾಯ, ಅಂದೆ,
ಬಾಯಲ್ಲೇ.